‘ರ’ ಹೊಟ್ಟೆಯಲ್ಲಿ ಒಂದು ಕೋಣೆ: ಕನ್ನಡ ಅಕ್ಷರವನ್ನು ಕಟ್ಟಡದ ಹಾಗೆ ನಿಲ್ಲಿಸುವುದು ಹೇಗೆ?

ನಾನು ಮೊದಲ ಸಲ ಮಾಡಿದ ಅಕ್ಷರಶಿಲ್ಪ ಉರುಳಿ ಹೋಯಿತು. ಕಾಲೇಜೊಂದರ ರಾಜ್ಯೋತ್ಸವಕ್ಕೆ ಪ್ಲೈವುಡ್ಡಿನಲ್ಲಿ ನಾಲ್ಕಡಿ ಎತ್ತರದ ‘ರ’ ಮಾಡಿದ್ದೆ. ಕೆಂಪು ಹಳದಿ ಬಣ್ಣ ಹೊಡೆದು, ಅಂಗಳದಲ್ಲಿ ನಿಲ್ಲಿಸಿ, ಫೋಟೊ ತೆಗೆಯಲು ಎರಡು ಹೆಜ್ಜೆ ಹಿಂದೆ ಬಂದೆ. ಅಂಗಳ ಸ್ವಲ್ಪ ಇಳಿಜಾರು. ‘ರ’ ಸುಮ್ನೆ ಹೊರಟೇಬಿಟ್ಟಿತು. ಕಾಲು ಸುತ್ತು ಉರುಳಿ, ತಲಕಟ್ಟು ನೆಲಕ್ಕೆ ಬಡಿದು ಮುರಿಯಿತು. ಅಲ್ಲೇ ಕಾಂಪೌಂಡ್ ಗೋಡೆಗೆ ಗಾರೆ ಹಾಕುತ್ತಿದ್ದ ಮೇಸ್ತ್ರಿ ಕರಣೆ ಕೆಳಗಿಟ್ಟು ನಕ್ಕರು. “ಚಕ್ರ ಮಾಡಿ ಮನೆ ಅಂದ್ರೆ ಹೆಂಗೆ ಸಾರ್? ಪಾಯ ಎಲ್ಲೈತೆ ಇದಕ್ಕೆ?”

ಆ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ. ಕಾಗದದ ಮೇಲಿನ ಅಕ್ಷರಕ್ಕೆ ತೂಕ ಇಲ್ಲ, ಹಿಂಭಾಗ ಇಲ್ಲ, ಬೀಳುವ ಭಯವಂತೂ ಇಲ್ಲವೇ ಇಲ್ಲ. ಅದನ್ನೇ ನೆಲದ ಮೇಲೆ ನಿಲ್ಲಿಸಿ ನೋಡಿ. ಕಟ್ಟಡದ ತಾಪತ್ರಯಗಳೆಲ್ಲ ಒಟ್ಟಿಗೆ ಬರುತ್ತವೆ: ಪಾಯ, ಗೋಡೆ, ಬಾಗಿಲು, ನೆರಳು, ಮಳೆನೀರು. ಈ ಲೇಖನ ಓದಿ, ಒಂದು ವಾರಾಂತ್ಯದಲ್ಲಿ 30 ಸೆಂ.ಮೀ. ಎತ್ತರದ ರಟ್ಟಿನ ಅಕ್ಷರ ಮಾಡಿ, ಅದನ್ನು ಕಟ್ಟಡದಂತೆ ನೋಡುವುದನ್ನು ನೀವು ಕಲಿಯಬಹುದು. ಕಲಾಶಾಲೆಗೆ ಹೋಗಿರಬೇಕು ಅಂತೇನಿಲ್ಲ. ಕಟರ್ ಹಿಡಿಯಲು ಬಂದರೆ ಸಾಕು.

ಶುರು ಮಾಡುವ ಮುಂಚೆ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ವಿಧಾನಸೌಧದ ಮುಖದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ. ಆ ಅಕ್ಷರಗಳನ್ನು ಕಿತ್ತು ತೆಗೆದರೂ ಕಟ್ಟಡ ಹಾಗೇ ನಿಂತಿರುತ್ತದೆ. ಅಲ್ಲಿ ಅಕ್ಷರ ಕಟ್ಟಡಕ್ಕೆ ಹಾಕಿದ ಒಡವೆ. ನಾವು ಮಾಡಲು ಹೊರಟಿರುವುದು ತಾನೇ ಕಟ್ಟಡವಾದ ಅಕ್ಷರವನ್ನು. ಇವೆರಡರ ನಡುವೆ ಎಲ್ಲೋ ಶ್ರವಣಬೆಳಗೊಳ ಇದೆ. ಗೊಮ್ಮಟನ ಪಾದದ ಪಕ್ಕದಲ್ಲಿ, ಮೂರ್ತಿಯನ್ನು ಚಾವುಂಡರಾಯ ಮಾಡಿಸಿದ, ಸುತ್ತಾಲಯವನ್ನು ಗಂಗರಾಜ ಮಾಡಿಸಿದ ಅಂತ ಕೊರೆದಿದ್ದಾರೆ. ಶಿಲ್ಪ, ಅದರ ಮೈಪಕ್ಕದಲ್ಲಿ ಅಕ್ಷರ, ಆ ಅಕ್ಷರ ಹೇಳುವುದು ಸುತ್ತಲಿನ ಕಟ್ಟಡದ ಸುದ್ದಿ. ಮೂರೂ ಒಂದೇ ಕಡೆ. ಹೋದಾಗ ತಲೆ ಎತ್ತಿ 58 ಅಡಿ ನೋಡುವ ಭರದಲ್ಲಿ ಪಾದದ ಹತ್ತಿರ ಬಗ್ಗುವುದನ್ನು ಮರೆಯಬೇಡಿ.

ಹೆಜ್ಜೆ 1: ಕಲ್ಲಿನ ಅಕ್ಷರಕ್ಕೆ ಪಕ್ಕದಿಂದ ಬೆಳಕು ಹಿಡಿಯಿರಿ

ನಿಮ್ಮ ಊರಿನ ಹತ್ತಿರ ಒಂದು ಶಾಸನ ಇದ್ದೇ ಇರುತ್ತದೆ. ಹಳೇ ದೇವಸ್ಥಾನದ ಗೋಡೆ, ಕೆರೆ ಏರಿಯ ಕಲ್ಲು, ಊರ ಬಾಗಿಲಿನ ವೀರಗಲ್ಲು, ಯಾವುದಾದರೂ ಸರಿ. ನಡುಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಗ್ಗೆ ಬೇಗ ಅಥವಾ ಸಂಜೆ ಐದರ ನಂತರ ಹೋಗಿ. ಆಗಲೂ ಮಸುಕಾಗಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ಹೆಚ್ಚುಕಮ್ಮಿ ತಾಗುವಷ್ಟು ಪಕ್ಕದಲ್ಲಿ ಹಿಡಿಯಿರಿ. ಎದುರಿನಿಂದ ಬೇಡ. ಸವೆದು ಹೋಯಿತು ಅಂದುಕೊಂಡ ಅಕ್ಷರ ಎದ್ದು ಬರುತ್ತದೆ. ಚಾಕ್‌ಪುಡಿ, ಬೂದಿ, ಹಿಟ್ಟು ಏನನ್ನೂ ತಿಕ್ಕಬೇಡಿ. ಕಲ್ಲು ಹಾಳಾಗುತ್ತದೆ, ಸಂರಕ್ಷಿತ ಸ್ಮಾರಕವಾದರೆ ಕಾನೂನಿನ ತಕರಾರೂ ಬರುತ್ತದೆ.

ಟಾರ್ಚನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸಿ. ಅಕ್ಷರದ ಒಂದು ಅಂಚು ಕಪ್ಪಾಗುತ್ತದೆ, ಇನ್ನೊಂದು ಅಂಚು ಹೊಳೆಯುತ್ತದೆ. ಇದು ಕಲ್ಲು ಕೆತ್ತುವ ಉಳಿಯ ಕೆಲಸ, ಮಸಿಯ ಕೆಲಸ ಅಲ್ಲ. ರೋಮ್‌ನ ಟ್ರೇಜನ್ ಸ್ತಂಭದ ಬುಡದಲ್ಲಿ ಕ್ರಿ.ಶ. 113ರ ಒಂದು ಬರಹವಿದೆ. ಅದರ ಗೆರೆಗಳನ್ನು ತಳದಲ್ಲಿ ಚೂಪಾಗಿ ಸೇರುವ ಹಾಗೆ ಎರಡು ಇಳಿಜಾರಿನಲ್ಲಿ ಕೊರೆದಿದ್ದಾರೆ. ಬಿಸಿಲು ಯಾವ ಕಡೆಯಿಂದ ಬಂದರೂ ಒಂದು ಇಳಿಜಾರು ಬೆಳಗುತ್ತದೆ, ಇನ್ನೊಂದು ನೆರಳಾಗುತ್ತದೆ. ಮೇಲಿನ ಸಾಲುಗಳ ಅಕ್ಷರ ಕೆಳಗಿನ ಸಾಲಿಗಿಂತ ತುಸು ದೊಡ್ಡವು. ಓದುವವನು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾನೆ ಅನ್ನುವ ಲೆಕ್ಕ ಅದು. ಓದುವವನ ಕತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಅಂದರೆ ಅವರು ಯೋಚಿಸುತ್ತಿದ್ದದ್ದು ಪುಟದ ಬಗ್ಗೆ ಅಲ್ಲ, ಜಾಗದ ಬಗ್ಗೆ.

ನಮ್ಮ ಕಡೆಯದು ಬೇಕೆಂದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕದಂಬರ ಕಾಲದ ಸಂಸ್ಕೃತ ಶಾಸನವಿದೆ. ಅಕ್ಷರದ ಸಾಲು ಕಂಬದ ಉದ್ದಕ್ಕೆ ಲಂಬವಾಗಿ ಓಡುತ್ತದೆ, ಕಂಬ ಹೇಳಿದ ಹಾಗೆ ಬರಹ ಕೇಳಿದೆ. ಹತ್ತಿರ ಹೋಗಿ ಒಂದೇ ಒಂದು ಅಕ್ಷರದ ತಲೆ ನೋಡಿ. ಅಲ್ಲಿ ಪುಟ್ಟ ಚೌಕ ಪೆಟ್ಟಿಗೆ ಕೂತಿರುತ್ತದೆ. ಕಂಬದ ಮೇಲೆ ಬೋದಿಗೆ ಇಟ್ಟ ಹಾಗೆ. ನಮ್ಮ ತಲಕಟ್ಟು ನೋಡುವಾಗೆಲ್ಲ ನನಗೆ ಈ ಪೆಟ್ಟಿಗೆ ನೆನಪಾಗುತ್ತದೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ಅಕ್ಷರಗಳೂ ಇವತ್ತಿನಷ್ಟು ಗುಂಡಗಿಲ್ಲ. ಗುಂಡಾದದ್ದು ಆಮೇಲೆ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಅಕ್ಷರ ಸುತ್ತಿಕೊಂಡಿತು ಅಂತ ಹೇಳುವುದು ರೂಢಿ.

ಒಟ್ಟಿನಲ್ಲಿ ರೋಮನ್ ಅಕ್ಷರಕ್ಕೆ ಕಲ್ಲಿನ ಕಾಲು ಸಿಕ್ಕಿತು. ಇಂಗ್ಲಿಷಿನ ಎಚ್, ಎ, ಎಂ ಎಲ್ಲವೂ ಕಾಲೂರಿ ನಿಲ್ಲುತ್ತವೆ. ನಮ್ಮವು ಚೆಂಡಿನ ಮಕ್ಕಳು. ನಮ್ಮ ಕೆಲಸ ಅವರದ್ದಕ್ಕಿಂತ ಕಷ್ಟ, ಹಾಗೇ ಮಜಾ ಕೂಡ ಜಾಸ್ತಿ.

ಹೆಜ್ಜೆ 2: ಒಂದು ಬಟ್ಟೆ ಸೋಪು ಹಾಳು ಮಾಡಿ

ಅಗ್ಗದ ಬಟ್ಟೆ ಸೋಪಿನ ಬಾರ್ ತಂದು ಎರಡು ತುಂಡು ಮಾಡಿ. ಒಂದರ ಮೇಲೆ ‘ಗ’ ಬರೆದು ಗೆರೆಯನ್ನು ಕೊರೆಯಿರಿ. ಇನ್ನೊಂದರ ಮೇಲೂ ‘ಗ’ ಬರೆಯಿರಿ, ಆದರೆ ಈ ಸಲ ಗೆರೆಯನ್ನು ಬಿಟ್ಟು ಸುತ್ತಲಿನ ಸೋಪನ್ನೆಲ್ಲ ಕೆತ್ತಿ ತೆಗೆಯಿರಿ. ಹಳೇ ಬಾಲ್‌ಪೆನ್ ರೀಫಿಲ್, ಹೇರ್‌ಪಿನ್, ಸಣ್ಣ ಚಾಕು ಸಾಕು. ಅರ್ಧ ಗಂಟೆಯ ಕೆಲಸ.

ಮೊದಲನೆಯದು ಸಲೀಸು. ಎರಡನೆಯದರಲ್ಲಿ ಬೆವರು ಬರುತ್ತದೆ, ತಲಕಟ್ಟಿನ ತುದಿ ಒಮ್ಮೆಯಾದರೂ ಮುರಿಯುತ್ತದೆ. ಮುರಿದರೆ ಒಳ್ಳೆಯದೇ, ಎಲ್ಲಿ ಮುರಿಯಿತು ಅಂತ ಗುರುತು ಮಾಡಿಕೊಳ್ಳಿ. ತೆಳುವಾಗಿ ಗಾಳಿಗೆ ಚಾಚಿಕೊಂಡ ಭಾಗವೇ ಮುರಿಯುವುದು. ಮನೆಯ ಸಜ್ಜಾ ಬಿರುಕು ಬಿಡುವುದೂ ಗೋಡೆಗೆ ಸೇರುವ ಬುಡದಲ್ಲೇ ಅಲ್ವಾ?

ಹೆಜ್ಜೆ 3: ಹೊಟ್ಟೆ ನೋಡಿ ಅಕ್ಷರ ಆರಿಸಿ

ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿದೆ ತಾನೆ? ಅಂದರೆ ಅಕ್ಷರಕ್ಕೆ ಹೊಟ್ಟೆ ಇದೆ ಅಂತ ನಮಗೆ ಆಗಲೇ ಗೊತ್ತಿತ್ತು. ಬರೆಯುವವರಿಗೆ ಗೆರೆ ಮುಖ್ಯ. ಕಟ್ಟುವವರಿಗೆ ಹೊಟ್ಟೆಯೇ ಮುಖ್ಯ. ಗೆರೆ ಅಂದರೆ ಗೋಡೆ, ಹೊಟ್ಟೆ ಅಂದರೆ ಕೋಣೆ. ಮನೆ ಕಟ್ಟಿಸಿ ಯಾರೂ ಗೋಡೆಯೊಳಗೆ ಮಲಗುವುದಿಲ್ಲ.

ಒಂದು ಹಾಳೆಯ ಮೇಲೆ ಐದಾರು ಅಕ್ಷರಗಳನ್ನು ದಪ್ಪಗೆ ಬರೆದು, ಗೆರೆ ಬಿಟ್ಟು ಹೊಟ್ಟೆಯನ್ನು ಮಾತ್ರ ಪೆನ್ಸಿಲ್ಲಿನಲ್ಲಿ ತುಂಬಿ. ಒಂದೊಂದರ ಸ್ವಭಾವ ಬೇರೆ ಅಂತ ಕಾಣುತ್ತದೆ. ‘ಗ’ ಬಾಗಿಲು: ಎರಡು ಕಾಲು, ಮೇಲೆ ಕಮಾನು, ಅದರ ಮೇಲೆ ತಲಕಟ್ಟು. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆ ಅಕ್ಷರ ಇಲ್ಲ, ತಾನೇ ನಿಲ್ಲುತ್ತದೆ. ‘ರ’ ಸುತ್ತ ಮುಚ್ಚಿದ ಕೋಣೆ. ‘ಬ’ಗೆ ತಲಕಟ್ಟಿಲ್ಲ, ಮೇಲೆ ತೆರೆದ ಬೋಗುಣಿ, ಕಲ್ಯಾಣಿ ಇದ್ದ ಹಾಗೆ. ‘ಠ’ ನೋಡಿ ಒಮ್ಮೆ. ಕೋಣೆಯ ನಡುವೆ ಒಂದು ಚುಕ್ಕಿ, ಗರ್ಭಗುಡಿಯೊಳಗಿನ ಮೂರ್ತಿಯ ಹಾಗೆ ಒಂಟಿಯಾಗಿ. ನೋಡಲು ಚೆಂದ, ಕಟ್ಟಲು ತಲೆನೋವು. ರಟ್ಟು ಕತ್ತರಿಸಿದ ಕೂಡಲೇ ಚುಕ್ಕಿ ಕೆಳಗೆ ಬೀಳುತ್ತದೆ. ಗೋಣಿಚೀಲ, ಲಾರಿ ಮೇಲೆ ಅಚ್ಚು ಹಾಕುವವರಿಗೆ ಈ ತಾಪತ್ರಯ ಚೆನ್ನಾಗಿ ಗೊತ್ತು. ಅವರು ಚುಕ್ಕಿಯಿಂದ ಅಂಚಿಗೆ ಒಂದು ಸಣ್ಣ ಪಟ್ಟಿ ಬಿಟ್ಟು ಕತ್ತರಿಸುತ್ತಾರೆ. ನೀವು ಬೇಕಾದರೆ ಆ ಪಟ್ಟಿಯನ್ನೇ ಮೆಟ್ಟಿಲು ಮಾಡಿ, ಇಲ್ಲವೇ ಮೇಲಿನಿಂದ ಚುಕ್ಕಿಯನ್ನು ದಾರದಲ್ಲಿ ಗಂಟೆಯಂತೆ ತೂಗುಹಾಕಿ. ನಾನು ಒಮ್ಮೆ ಗಂಟೆ ಮಾಡಿದ್ದೆ. ಮಕ್ಕಳು ಹೊಡೆದು ಹೊಡೆದು ಎರಡೇ ದಿನದಲ್ಲಿ ಕಿತ್ತು ಹಾಕಿದರು.

ಅಕ್ಷರವನ್ನು ಕೈಯಲ್ಲೇ ಬರೆದರೆ ಒಳ್ಳೆಯದು. ಪ್ರಿಂಟ್ ತೆಗೆಯುವುದಾದರೆ ಗೆರೆ ದಪ್ಪ ಇರುವ ಫಾಂಟ್ ಬೇಕು. ‘ಬಲೂ ತಮ್ಮ’ ಅನ್ನುವ ಫಾಂಟ್ ಇದಕ್ಕೆ ಹೇಳಿ ಮಾಡಿಸಿದ್ದು. ನೋಟೊ ಸ್ಯಾನ್ಸ್ ಕನ್ನಡದ ದಪ್ಪ ಅಚ್ಚೂ ಆಗುತ್ತದೆ. ಎರಡೂ ಪುಕ್ಕಟೆ ಸಿಗುತ್ತವೆ. ಗೆರೆ ಒಂದು ಕಡೆ ತೆಳು ಒಂದು ಕಡೆ ದಪ್ಪ ಇರುವ ಪುಸ್ತಕದ ಫಾಂಟುಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಒತ್ತಕ್ಷರ ಇದ್ದರೆ ನೆಲ ಅಗೆಯಬೇಕು

ಒಂದೇ ಅಕ್ಷರ ಸಾಲದು, ಪೂರ್ತಿ ಪದವೇ ಬೇಕು ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಿ. ‘ಕರ್ನಾಟಕ’ ಅಂತ ಬರೆದು ಅಕ್ಷರಗಳ ಕೆಳಗೆ ಒಂದು ಗೆರೆ ಎಳೆಯಿರಿ. ಎಲ್ಲವೂ ಗೆರೆಯ ಮೇಲೆ ಕೂರುತ್ತವೆ, ಅರ್ಕಾವತ್ತು ಕೂಡ ಪಕ್ಕದಲ್ಲಿ ಶಿಸ್ತಾಗಿ ಕೂರುತ್ತದೆ. ಈಗ ‘ಕನ್ನಡ’ ಅಂತ ಬರೆಯಿರಿ. ನ ಒತ್ತು ಗೆರೆಯ ಕೆಳಗೆ ಇಳಿಯಿತು! ಸಪಾಟು ನೆಲದ ಮೇಲೆ ‘ಕರ್ನಾಟಕ’ ನಿಲ್ಲುತ್ತದೆ, ‘ಕನ್ನಡ’ ನಿಲ್ಲುವುದಿಲ್ಲ. ‘ಬೆಂಗಳೂರು’, ‘ಹಾಸನ’ ನಿಲ್ಲುತ್ತವೆ. ‘ಹುಬ್ಬಳ್ಳಿ’ಗೆ ಎರಡು ಕಡೆ ಗುಂಡಿ ತೋಡಬೇಕು. ‘ಮೈಸೂರು’ ಸುಲಭ ಅಂದುಕೊಂಡರೆ ಐತ್ವದ ಬಾಲ ಕೆಳಗೆ ಜೋತಾಡುತ್ತದೆ.

ಈಗ ಊರೂರಿನ ಸರ್ಕಲ್ಲಿನಲ್ಲಿ, ಪಾರ್ಕಿನಲ್ಲಿ ‘ನಮ್ಮ’ ಅಂತ ಶುರುವಾಗುವ ಸೆಲ್ಫಿ ಅಕ್ಷರಗಳು ಎದ್ದಿವೆ. ಹೆಚ್ಚಿನ ಕಡೆ ಇಡೀ ಪದವನ್ನು ಎತ್ತಿ ಕಂಬಿಯ ಮೇಲೆ ಕೂರಿಸಿರುತ್ತಾರೆ, ಇಲ್ಲವೇ ಮ ಒತ್ತನ್ನು ಕುಗ್ಗಿಸಿ ಪಕ್ಕಕ್ಕೆ ತುರುಕಿರುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಕಟ್ಟೆಯ ಮೇಲೆ ಕನ್ನಡ ಕೂರಿಸಿದರೆ ಹೀಗೇ ಆಗುವುದು. ಕನ್ನಡ ಪದ ಮೂರು ಅಂತಸ್ತಿನದು: ಮೇಲೆ ತಲಕಟ್ಟು ಗುಡಿಸು, ನಡುವೆ ಮೈ, ಕೆಳಗೆ ಒತ್ತು. ಒತ್ತು ಅಂದರೆ ನೆಲಮಾಳಿಗೆ. ಅದಕ್ಕೆ ನಿಜವಾಗಿಯೂ ಗುಂಡಿ ತೋಡಿ. ನೆಲದ ಮಟ್ಟಕ್ಕೆ ಮೈ ನಿಲ್ಲಲಿ, ಒತ್ತು ಕೆಳಗಿಳಿಯಲಿ, ಇಳಿಯಲು ನಾಲ್ಕು ಮೆಟ್ಟಿಲು ಇರಲಿ. ಮಾದರಿಯಲ್ಲಿ ಇದನ್ನು ತೋರಿಸುವುದು ಸಲೀಸು. ರಟ್ಟಿನ ಡಬ್ಬಿಯನ್ನು ಬೋರಲು ಹಾಕಿ ಅದನ್ನೇ ನೆಲ ಮಾಡಿಕೊಳ್ಳಿ, ಒತ್ತು ಇಳಿಯುವಷ್ಟು ಕಿಂಡಿ ಕೊರೆಯಿರಿ.

ಹೆಜ್ಜೆ 4: ಕತ್ತರಿಸಿ, ಗೋಡೆ ಸುತ್ತಿ

ಇನ್ನು ಮುಂದೆ ‘ರ’ ಹಿಡಿದೇ ಹೇಳುತ್ತೇನೆ, ಕಷ್ಟದ್ದನ್ನು ಕಲಿತರೆ ಉಳಿದದ್ದು ಬರುತ್ತದೆ. ಬೇಕಾದದ್ದು: 2 ಮಿ.ಮೀ. ಬೈಂಡಿಂಗ್ ರಟ್ಟು, ಖಾಲಿ ಕಾರ್ಟನ್ ಡಬ್ಬಿ ಒಂದು, ಕಟರ್, ಸ್ಟೀಲ್ ಸ್ಕೇಲು, ಫೆವಿಕಾಲ್, ಮಾಸ್ಕಿಂಗ್ ಟೇಪು, ದಾರ, ಒಂದು ನಟ್ಟು. ಸನ್‌ಬೋರ್ಡಿನಲ್ಲೂ ಮಾಡಬಹುದು, ಆಗ ಫೆವಿಕಾಲ್ ಹಿಡಿಯುವುದಿಲ್ಲ, ಫೆವಿಕ್ವಿಕ್ ಬೇಕು. ಥರ್ಮೋಕೋಲ್ ಆದರೆ ಫೆವಿಕ್ವಿಕ್ ಮುಟ್ಟಿಸಲೇಬೇಡಿ, ತಿಂದು ಹಾಕುತ್ತದೆ.

ಅಳತೆ ಹೀಗಿರಲಿ. ಒಟ್ಟು ಎತ್ತರ 30 ಸೆಂ.ಮೀ. ಅದರಲ್ಲಿ ಗುಂಡನೆ ಮೈ 24, ತಲಕಟ್ಟು 6. ಗೆರೆಯ ದಪ್ಪ 5. ಅಲ್ಲಿಗೆ ಹೊಟ್ಟೆಯ ಅಡ್ಡಳತೆ 14. ಬೈಂಡಿಂಗ್ ರಟ್ಟಿನಲ್ಲಿ ಇದೇ ಆಕಾರದ ಎರಡು ಮುಖ ಕತ್ತರಿಸಿ, ಮುಂದಿನದು ಒಂದು, ಹಿಂದಿನದು ಒಂದು. ಕಟರನ್ನು ಒಂದೇ ಏಟಿಗೆ ಒತ್ತಬೇಡಿ. ಹಗುರಾಗಿ ಐದಾರು ಸಲ ಎಳೆಯಿರಿ. ಬಾಗಿದ ಕಡೆ ಕಟರ್ ತಿರುಗಿಸುವ ಬದಲು ರಟ್ಟನ್ನು ತಿರುಗಿಸಿ. ಹೊಟ್ಟೆಯಿಂದ ಬಿದ್ದ ಗುಂಡು ತುಂಡನ್ನು ಎಸೆಯಬೇಡಿ, ಒಂದು ಕೆಲಸ ಇದೆ.

ಈಗ ಎರಡು ಮುಖಗಳ ನಡುವೆ ಗೋಡೆ ಬೇಕು. ಹೊರಗಿನ ಸುತ್ತಳತೆ ಸುಮಾರು 75.5 ಸೆಂ.ಮೀ., ಒಳಗಿನದು 44. ಲೆಕ್ಕ ನಂಬದವರು ಅಂಚಿನ ಮೇಲೆ ದಾರ ಸುತ್ತಿ ಅಳೆಯಿರಿ, ಹೇಗೂ ತಲಕಟ್ಟು ಇರುವ ಕಡೆ ದಾರವೇ ಗತಿ. ಕಾರ್ಟನ್ ರಟ್ಟಿನಿಂದ 10 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ. ಇಲ್ಲೇ ಎಲ್ಲರೂ ಎಡವುವುದು. ಕಾರ್ಟನ್ ಒಳಗೆ ಏರಿಳಿತದ ಸಾಲು ಇರುತ್ತದಲ್ಲ, ಆ ಸಾಲು ಪಟ್ಟಿಯ ಅಗಲದ ದಿಕ್ಕಿನಲ್ಲೇ ಬರಬೇಕು. ಆಗ ಪಟ್ಟಿ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಉದ್ದಕ್ಕೆ ಬಂದರೆ ಬಾಗುವ ಕಡೆ ಮುರಿದು ಮೂಲೆ ಮೂಲೆಯಾಗುತ್ತದೆ. ಬಾಗು ಇನ್ನೂ ನಯವಾಗಬೇಕೆಂದರೆ ಪಟ್ಟಿಯ ಒಂದು ಮೈಗೆ ಅರ್ಧ ಸೆಂ.ಮೀ. ಬಿಟ್ಟು ಬಿಟ್ಟು ಕಟರಿನಿಂದ ಮೇಲುಗೀರು ಹಾಕಿ. ಕಾಗದದ ಪದರ ಮಾತ್ರ ಕೊಯ್ಯಬೇಕು, ಪೂರ್ತಿ ಅಲ್ಲ. ಗೀರು ಹಾಕಿದ ಮೈ ಬಾಗಿನ ಹೊರಬದಿಗೆ ಬರಲಿ.

ಹಿಂದಿನ ಮುಖವನ್ನು ಮೇಜಿನ ಮೇಲೆ ಮಲಗಿಸಿ, ಮೊದಲು ಒಳಗೋಡೆ, ಆಮೇಲೆ ಹೊರಗೋಡೆ ಅಂಟಿಸಿ. ಟೇಪು ಹಾಕಿ ಒಂದು ಗಂಟೆ ಬಿಡಿ. ಮುಂದಿನ ಮುಖವನ್ನು ಈಗಲೇ ಮುಚ್ಚಬೇಡಿ.

ಹೆಜ್ಜೆ 5: ತೂಕ ಎಲ್ಲಿ ಕೂತಿದೆ ಹುಡುಕಿ

ಅಂಟಿಸದೆ ಉಳಿದ ಆ ಮುಂದಿನ ಮುಖವನ್ನು ಕೈಗೆ ತೆಗೆದುಕೊಳ್ಳಿ. ಅಂಚಿನ ಹತ್ತಿರ ಒಂದು ಗುಂಡುಸೂಜಿ ಚುಚ್ಚಿ ಗೋಡೆಗೆ ತೂಗುಹಾಕಿ, ಸಡಿಲವಾಗಿ ಓಲಾಡುವಂತಿರಲಿ. ಅದೇ ಸೂಜಿಯಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ಗಾರೆ ಮೇಸ್ತ್ರಿಗಳ ತೂಗುಗುಂಡು ಇದೇ ತಾನೆ. ದಾರ ಹೋದ ದಾರಿಯನ್ನು ಪೆನ್ಸಿಲ್ಲಿನಲ್ಲಿ ಎಳೆಯಿರಿ. ಇನ್ನೊಂದು ಕಡೆ ಚುಚ್ಚಿ ಮತ್ತೆ ಎಳೆಯಿರಿ. ಎರಡು ಗೆರೆ ಸೇರುವ ಜಾಗವೇ ಅಕ್ಷರದ ತೂಕದ ನಡು.

ಆದರೆ ‘ರ’ದಲ್ಲಿ ಗೆರೆಗಳು ಸೇರುವ ಜಾಗದಲ್ಲಿ ರಟ್ಟೇ ಇಲ್ಲ! ಎರಡೂ ಹೋಗಿ ಹೊಟ್ಟೆಯ ಖಾಲಿಯಲ್ಲಿ ಸೇರುತ್ತವೆ. ಗುರುತು ಹಾಕಲು ಹಿಂದೆ ಕಾಗದ ಅಂಟಿಸಿಕೊಳ್ಳಬೇಕು. ಕಾರ್ಯಾಗಾರದಲ್ಲಿ ಇದನ್ನು ಮಾಡಿಸುವಾಗ ಈ ಗಳಿಗೆಗಾಗಿ ನಾನು ಕಾಯುತ್ತೇನೆ. ಒಬ್ಬ ಹುಡುಗ “ಸಾರ್, ಏನೂ ಇಲ್ಲದ ಕಡೆ ತೂಕ ಹೆಂಗೆ ಬಂತು?” ಅಂತ ಕೇಳಿ, ತಾನೇ ಬೆರಳು ತೂರಿಸಿ ನೋಡಿದ್ದ.

ಆ ಬಿಂದುವಿನಿಂದ ನೇರ ಕೆಳಗೆ ಇಳಿಸಿದ ಗೆರೆ ಅಕ್ಷರದ ಪಾದದೊಳಗೆ ಬಿದ್ದರೆ ಅಕ್ಷರ ನಿಲ್ಲುತ್ತದೆ, ಹೊರಗೆ ಬಿದ್ದರೆ ಉರುಳುತ್ತದೆ. ‘ರ’ಕ್ಕೆ ಪಾದ ಅಂದರೆ ಒಂದು ಚುಕ್ಕಿಯಷ್ಟು. ಅದಕ್ಕೆ ನನಗೆ ಗೊತ್ತಿರುವ ಅತಿ ಅಗ್ಗದ ಉಪಾಯ: ಎರಡೂ ಮುಖದ ತಳದಲ್ಲಿ 3 ಮಿ.ಮೀ. ಮಾತ್ರ ನೇರವಾಗಿ ಸವರಿಬಿಡಿ. 24 ಸೆಂ.ಮೀ. ಗುಂಡಿಗೆ ಅಷ್ಟು ಸವರಿದರೆ 5 ಸೆಂ.ಮೀ.ಗಿಂತ ಜಾಸ್ತಿ ಅಗಲದ ಸಪಾಟು ಪಾದ ಸಿಗುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಫಾಂಟ್ ಮಾಡುವವರು ಇದೇ ಆಟವನ್ನು ತಿರುಗಾಮುರುಗಾ ಆಡುತ್ತಾರೆ. ಗುಂಡಕ್ಷರವನ್ನು ಗೆರೆಗಿಂತ ಒಂದು ಕೂದಲಷ್ಟು ಕೆಳಗೆ ಇಳಿಸುತ್ತಾರೆ, ಇಲ್ಲದಿದ್ದರೆ ಅದು ಪಕ್ಕದ್ದಕ್ಕಿಂತ ಚಿಕ್ಕದಾಗಿ, ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಅವರು ಗೆರೆಯೊಳಗೆ ಹೂಳುತ್ತಾರೆ, ನಾವು ನೆಲದೊಳಗೆ.

ಇನ್ನೊಂದು ದಾರಿ, ಟೊಳ್ಳು ಗೋಡೆಯ ತಳಭಾಗಕ್ಕೆ ಮರಳಿನ ಪುಟ್ಟ ಪೊಟ್ಟಣ ಇಡುವುದು. ತೂಕದ ನಡು ಕೆಳಗಿಳಿಯುತ್ತದೆ. ಪಾದ ಸವರದೆ ಬರೀ ಮರಳು ತುಂಬಿದರೆ ‘ರ’ ತಂಜಾವೂರು ಬೊಂಬೆಯ ಹಾಗೆ ಓಲಾಡಿ ವಾಪಸ್ ಎದ್ದು ನಿಲ್ಲುತ್ತದೆ. ಮೂರನೆಯ ದಾರಿ ಪಕ್ಕದವರ ಹೆಗಲು. ರಾಬರ್ಟ್ ಇಂಡಿಯಾನಾ 1970ರಲ್ಲಿ ಉಕ್ಕಿನಲ್ಲಿ ಮಾಡಿದ ‘ಲವ್’ ಶಿಲ್ಪದ ಫೋಟೊ ನೋಡಿರುತ್ತೀರಿ. ನಾಲ್ಕು ಇಂಗ್ಲಿಷ್ ಅಕ್ಷರ, ಎರಡರ ಮೇಲೆ ಎರಡು, ಓ ಮಾತ್ರ ವಾಲಿಕೊಂಡಿದೆ. ಎಲ್ಲರೂ ವಾಲಿದ ಓ ಬಗ್ಗೆಯೇ ಮಾತಾಡುತ್ತಾರೆ. ನನಗೆ ಕೆಳಸಾಲಿನ ವಿ ಇಷ್ಟ. ಚೂಪು ಮೊನೆಯ ಮೇಲೆ ನಿಂತು, ಪಕ್ಕದ ಇ ಆಸರೆಯಲ್ಲಿ, ತಲೆ ಮೇಲೆ ಎಲ್ ಹೊತ್ತುಕೊಂಡಿದೆ. ‘ರ’ ಪಕ್ಕಕ್ಕೆ ‘ಗ’ ನಿಲ್ಲಿಸಿ ನೋಡಿ, ‘ಗ’ ಅದನ್ನು ಹಿಡಿದುಕೊಳ್ಳುತ್ತದೆ.

ನಿಂತಿತು ಅಂತ ಖಾತ್ರಿಯಾದ ಮೇಲೆ ಮುಂದಿನ ಮುಖ ಅಂಟಿಸಿ.

ಹೆಜ್ಜೆ 6: ಒಳಗೆ ಒಬ್ಬರನ್ನು ಬಿಡಿ

ಇಲ್ಲಿಯವರೆಗೆ ನಿಮ್ಮ ಕೈಯಲ್ಲಿ ಇರುವುದು ದಪ್ಪ ಅಕ್ಷರ ಅಷ್ಟೇ. ಉಳಿಸಿಟ್ಟ ಆ ಗುಂಡು ತುಂಡಿನಿಂದ 8 ಸೆಂ.ಮೀ. ಎತ್ತರದ ಒಂದು ಮನುಷ್ಯಾಕೃತಿ ಕತ್ತರಿಸಿ. ಒಂದಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಅದು 1.6 ಮೀಟರ್ ಎತ್ತರದ ಆಳು. ಈಗ ನಿಮ್ಮ ‘ರ’ 6 ಮೀಟರ್ ಎತ್ತರದ ಕಟ್ಟಡ, ಗೋಡೆ 1 ಮೀಟರ್ ದಪ್ಪ, ಹೊಟ್ಟೆ 2.8 ಮೀಟರ್ ಅಡ್ಡಳತೆಯ ಕೋಣೆ, ಆಳ 2 ಮೀಟರ್.

ಆಳನ್ನು ಒಳಗೆ ನಿಲ್ಲಿಸಿ. ನಟ್ಟನಡುವೆ ಮಾತ್ರ ನಿಲ್ಲುತ್ತಾನೆ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಕಾಲಡಿಯ ನೆಲ ಮೇಲೇಳುತ್ತದೆ. ಗುಂಡು ಕೋಣೆಯಲ್ಲಿ ನಡೆದಾಡಲಾಗದು, ಒರಗಿ ಕೂರಬಹುದು. ಹಾಗಾಗಿ ನಿರ್ಧಾರ ನಿಮ್ಮದು. ಕೂರುವ ಜಾಗವಾಗಿ ಬಿಡುತ್ತೀರಾ, ಇಲ್ಲ ನೆಲ ಹಾಕುತ್ತೀರಾ? ಒಳತಳದಿಂದ 2 ಸೆಂ.ಮೀ. ಮೇಲೆ ಒಂದು ಪಟ್ಟಿ ಕೂರಿಸಿದರೆ ಹೆಚ್ಚುಕಮ್ಮಿ 10 ಸೆಂ.ಮೀ. ಅಗಲದ ನೆಲ ಸಿಗುತ್ತದೆ, ಅಂದರೆ ನಿಜದಲ್ಲಿ 2 ಮೀಟರ್. ಮೇಲೆ 2.4 ಮೀಟರ್ ಎತ್ತರ ಉಳಿಯುತ್ತದೆ. ಒಂದು ಬೆಂಚು, ಇಬ್ಬರು, ಒಂದು ಫ್ಲಾಸ್ಕ್ ಚಹಾ ಹಿಡಿಸುವಷ್ಟು. ಆದರೆ ಹೊರಗಿನಿಂದ ನೋಡಿದರೆ ಹೊಟ್ಟೆಯ ಕೆಳಗೆ ಒಂದು ಅಡ್ಡಗೆರೆ ಬಂದು ‘ರ’ ತುಸು ಕೆಡುತ್ತದೆ. ಓದುವವರಿಗೂ ಕೂರುವವರಿಗೂ ನಡುವೆ ಇಲ್ಲಿ ಜಗಳ ಶುರು. ನಾನು ಕೂರುವವರ ಪರ. ನೆಲವನ್ನು ಗಾಜಿನ ಹಾಗೆ ತೋರಿಸಲು ಪಾರದರ್ಶಕ ಹಾಳೆ ಹಾಕಿ ತಪ್ಪಿಸಿಕೊಳ್ಳುವವರೂ ಇದ್ದಾರೆ.

ಬಾರ್ಸಿಲೋನಾದ ಶಿಲ್ಪಿ ಜೌಮೆ ಪ್ಲೆನ್ಸಾ ಈ ಜಗಳಕ್ಕೆ ಬೇರೆಯದೇ ಉತ್ತರ ಕೊಟ್ಟಿದ್ದಾರೆ. ಫ್ರಾನ್ಸಿನ ಆಂಟೀಬ್ ಬಂದರಿನ ಕೋಟೆ ಗೋಡೆಯ ಮೇಲೆ ಅವರ 8 ಮೀಟರ್ ಎತ್ತರದ ಬಿಳಿ ಆಕೃತಿ ಕೂತಿದೆ. ಇಡೀ ಮೈ ಅಕ್ಷರಗಳ ಬಲೆ, ಒಳಗೆ ಖಾಲಿ. ಜನ ಒಳಗೆ ಹೋಗಿ ನಿಂತು ಅಕ್ಷರಗಳ ಸಂದಿಯಿಂದ ಸಮುದ್ರ ನೋಡುತ್ತಾರೆ. ಅಲ್ಲಿ ಯಾವ ಪದವನ್ನೂ ಓದಬೇಕಾಗಿಲ್ಲ. ಅಕ್ಷರವೇ ಜಾಲಂಧ್ರವಾಗಿದೆ, ಅಂದರೆ ಗುಡಿಗಳಲ್ಲಿರುವ ಕಲ್ಲಿನ ಜಾಲರಿ ಕಿಟಕಿ. ಬೇಲೂರಿನ ಗುಡಿಯ ಜಾಲಂಧ್ರದ ಮುಂದೆ ನಿಂತವರಿಗೆ ಆ ಬೆಳಕು ಹೊಸದೇನಲ್ಲ.

ಹೆಜ್ಜೆ 7: ಟಾರ್ಚ್ ಹಿಡಿದು ಸುತ್ತ ನಡೆಯಿರಿ

ಲೈಟ್ ಆರಿಸಿ. ‘ರ’ ಎದುರಿಗೆ, ಮೇಲಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಟಾರ್ಚ್ ಹಿಡಿಯಿರಿ, ಆದಷ್ಟು ದೂರದಿಂದ. ಹಿಂದೆ ಬೀಳುವ ನೆರಳಿನ ಉದ್ದ ಅಕ್ಷರದ ಎತ್ತರದಷ್ಟೇ ಇರುತ್ತದೆ. ಆದರೆ ನೆರಳಿನ ಹೊಟ್ಟೆ ನೋಡಿ, ಸಣ್ಣ ಮೀನಿನಷ್ಟು ಬೆಳಕು ಮಾತ್ರ ಉಳಿದಿದೆ. ಹೊಟ್ಟೆ 14, ಗೋಡೆಯ ಆಳ 10. ಓರೆಯಾಗಿ ಬಂದ ಬೆಳಕಿನಲ್ಲಿ 10ನ್ನು ಗೋಡೆಯೇ ತಿಂದು ಹಾಕಿತು, ದಾಟಿದ್ದು 4. ಆಳವನ್ನು 5ಕ್ಕೆ ಇಳಿಸಿದರೆ ನೆರಳು ಚೆನ್ನಾಗಿ ಓದಿಸಿಕೊಳ್ಳುತ್ತದೆ, ಆದರೆ ಅಕ್ಷರ ಹಿಂದೆ ಮುಂದೆ ವಾಲಿ ಬೀಳುತ್ತದೆ, ಒಳಗೆ ಕೂರಲು ಜಾಗವೂ ಸಾಲದು.

ಕಣ್ಣಿಗೂ ಇದೇ ಲೆಕ್ಕ. ಮೇಜಿನ ಮಟ್ಟಕ್ಕೆ ಬಗ್ಗಿ, ಎದುರಿನಿಂದ ಶುರು ಮಾಡಿ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ‘ರ’, ‘ರ’, ‘ರ’... ಎಲ್ಲೋ ಒಂದು ಕಡೆ ಅದು ಅಕ್ಷರವಾಗಿರುವುದನ್ನು ಬಿಟ್ಟು ಗೋಡೆಯಾಗುತ್ತದೆ. ಆ ಜಾಗಕ್ಕೆ ನೆಲದ ಮೇಲೆ ಚಾಕ್ ಗುರುತು ಹಾಕಿ. ನಿಮ್ಮ ಶಿಲ್ಪಕ್ಕೆ ಜನ ಯಾವ ಕಡೆಯಿಂದ ನಡೆದು ಬರಬೇಕು ಅನ್ನುವುದನ್ನು ಆ ಗುರುತೇ ಹೇಳುತ್ತದೆ. ಗೋಡೆ ಕಡೆಯಿಂದ ಬಂದು, ತಿರುಗಿದಾಗ ಅಕ್ಷರ ಸಿಕ್ಕಿದರೆ ನನಗೆ ಖುಷಿ.

ಹೊರಗಡೆ ಇಡುವುದಾದರೆ ಒಂದು ಮಾತು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ದಿನ, ಏಪ್ರಿಲ್ ಕೊನೆ ಮತ್ತು ಆಗಸ್ಟ್ ನಡುವಿನ ಸುಮಾರಿಗೆ, ಸೂರ್ಯ ನಡುಹಗಲು ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಂತದ್ದರ ನೆರಳು ಕಾಲಡಿಯಲ್ಲೇ ಮುಗಿಯುತ್ತದೆ. ನಮ್ಮ ಕಡೆ ನೆರಳನ್ನು ನಂಬಿ ಮಾಡುವ ಶಿಲ್ಪವನ್ನು ಬೆಳಗ್ಗೆ ಸಂಜೆಗೆ ಮಾಡಬೇಕು. ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರಲಿ.

ದೊಡ್ಡದು ಮಾಡುವ ಆಸೆ ಬಂದರೆ

ಬರುತ್ತದೆ, ನನಗೆ ಗೊತ್ತು. ಹಾಲಿವುಡ್ ಬೆಟ್ಟದ ಅಕ್ಷರಗಳ ಕಥೆ ಕೇಳಿ ಹೊರಡಿ. 1923ರಲ್ಲಿ ಸೈಟು ಮಾರುವ ಜಾಹೀರಾತಿಗೆ ಮರ ತಗಡಿನಲ್ಲಿ ನಿಲ್ಲಿಸಿದ್ದು ಅವು. ಗಾಳಿಗೆ, ಮಳೆಗೆ ಎಚ್ ಬಿತ್ತು, ಮುಂದೆ ಓಗಳು ಮುರಿದವು. 1978ರಲ್ಲಿ 45 ಅಡಿ ಎತ್ತರದ ಉಕ್ಕಿನ ಅಕ್ಷರಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಆಳೆತ್ತರ ದಾಟಿದ ಅಕ್ಷರಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಕೈಯಲ್ಲಿ ಲೆಕ್ಕ ಹಾಕಿಸಿ, ಇದರಲ್ಲಿ ಚೌಕಾಸಿ ಬೇಡ. ಹೊಟ್ಟೆಯನ್ನು ಆರಪಾರ ತೆರೆದೇ ಬಿಡಿ, ಗಾಳಿ ದಾಟಿ ಹೋಗಲಿ. ಅಲ್ಲಿ ಶೀಟು ಮುಚ್ಚಿ ಪ್ರಾಯೋಜಕರ ಹೆಸರು ಹಾಕುತ್ತೇವೆ ಅಂದರೆ ಒಪ್ಪಬೇಡಿ, ಅದು ಹಾಯಿಪಟ ಆಗುತ್ತದೆ.

ಆಳೆತ್ತರದೊಳಗೆ ಮಾಡುವುದಾದರೆ ನಮ್ಮ ಗುಂಡಕ್ಷರಗಳಿಗೆ ಫೆರೋಸಿಮೆಂಟ್ ಒಳ್ಳೆಯದು. 6 ಮಿ.ಮೀ. ಕಂಬಿಯಲ್ಲಿ ಎಲುಬು, ಅದರ ಮೇಲೆ ಎರಡು ಮೂರು ಪದರ ಕೋಳಿ ಜಾಲರಿ, ಒಂದು ಪಾಲು ಸಿಮೆಂಟಿಗೆ ಎರಡರಿಂದ ಮೂರು ಪಾಲು ಮರಳಿನ ಗಾರೆ. ಗೋಣಿಚೀಲ ಸುತ್ತಿ ಕನಿಷ್ಠ ಒಂದು ವಾರ ನೀರು ಹಾಕಬೇಕು. ಬಾಗಿದ ಮೈಗೆ ಗಾರೆ ಹಿಡಿಸುವುದರಲ್ಲಿ ಊರಿನ ಮೇಸ್ತ್ರಿಗಳನ್ನು ಮೀರಿಸಿದವರಿಲ್ಲ. ಗೋಪುರದ ಗಾರೆ ಬೊಂಬೆ ಮಾಡಿದ ಕೈ ಸಿಕ್ಕಿದರಂತೂ ನಿಮ್ಮ ಅದೃಷ್ಟ.

ಮಕ್ಕಳು ಹತ್ತಿಯೇ ಹತ್ತುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳಿ. ಆಟದ ಮೈದಾನದ ಸಲಕರಣೆ ಮಾಡುವವರು ಪಾಲಿಸುವ ಒಂದು ಅಳತೆ ಇದೆ. ಸುತ್ತಲೂ ಅಂಚಿರುವ ಕಿಂಡಿ ಸುಮಾರು 9 ಸೆಂ.ಮೀ.ಗಿಂತ ಚಿಕ್ಕದಿರಬೇಕು ಅಥವಾ 23 ಸೆಂ.ಮೀ.ಗಿಂತ ದೊಡ್ಡದಿರಬೇಕು. ನಡುವಿನ ಅಳತೆಯಲ್ಲಿ ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಅನುಸ್ವಾರದ ಸೊನ್ನೆ, ತಲಕಟ್ಟಿನ ಕೆಳಗಿನ ಸಂದಿ, ಒತ್ತಕ್ಷರದ ಸುರುಳಿ, ಎಲ್ಲವನ್ನೂ ಟೇಪು ಹಿಡಿದು ನೋಡಿ.

ಕೊನೆಗೆ ನೀರು. ‘ಗ’ದ ಮೇಲೆ ಬಿದ್ದ ಮಳೆ ತಾನೇ ಜಾರಿ ಹೋಗುತ್ತದೆ. ‘ರ’ದ ಒಳನೆಲ ಅರ್ಧ ಇಂಚು ಮುಂದಕ್ಕೆ ವಾಟ ಇದ್ದರೆ ಸಾಕು. ‘ಬ’, ‘ಲ’ ಮಾಡುವವರು ತಳದಲ್ಲಿ ಒಂದು ಇಂಚಿನ ಪೈಪು ಕೂರಿಸುವುದನ್ನು ಮರೆಯಬೇಡಿ, ಅದೂ ಗಾರೆ ಹಾಕುವ ಮುಂಚೆ. ನಾನು ಮಾಡಿದ ಸಿಮೆಂಟಿನ ‘ಬ’ ಜುಲೈ ತಿಂಗಳು ಪೂರ್ತಿ ನೀರು ತುಂಬಿ ನಿಂತಿತ್ತು. ಪಕ್ಕದ ಮನೆಯ ಅಜ್ಜಿ ದಿನಾ ಬೆಳಗ್ಗೆ ಚೊಂಬಿನಲ್ಲಿ ಮೊಗೆದು ತುಳಸಿ ಗಿಡಕ್ಕೆ ಹಾಕುತ್ತಿದ್ದರು. ಆಮೇಲೆ ಅದರಲ್ಲಿ ಸೊಳ್ಳೆಮರಿ ಕಂಡಿದ್ದೂ ಅವರೇ, ಡ್ರಿಲ್ಲಿಂಗ್ ಮಷಿನ್ ತರಿಸಿ ತೂತು ಹಾಕಿಸಿದ್ದೂ ಅವರೇ.